ಕಪಾಟಿನ ಹಿಂದಿನ ಗೋಡೆ

ಶ್ರಾವ್ಯಾ, ನೀನು ಐದು ತಿಂಗಳ ಕೂಸಾಗಿದ್ದಾಗ ಡಾಕ್ಟರು ಕೇಳಿದ ಒಂದು ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ಆಮೇಲೆ ತಪ್ಪನ್ನು ನಿನ್ನ ಅಮ್ಮನ ತಲೆಗೆ ಕಟ್ಟಿದೆ. ನಿನ್ನ ತಮ್ಮನಿಗೂ ಇದನ್ನು ಓದಿ ಹೇಳು, ಅವನಿಗೆ ನನ್ನ ಅಕ್ಷರ ತಿಳಿಯುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡದವಳು ನಾನು. ಎದುರು ಕೂತು ಹೇಳಲು ಆಗದೆ, ಏಳನೆಯ ತರಗತಿಯವರೆಗೆ ಕಲಿತದ್ದನ್ನು ನಂಬಿ ಬರೆಯುತ್ತಿದ್ದೇನೆ.

ಕಡಬದ ನಮ್ಮ ಮನೆಯ ಹಿಂದಿನ ಕೋಣೆ ನಿಮ್ಮ ಅಜ್ಜನೇ ಕಟ್ಟಿದ್ದು. ಊರವರಿಗೆಲ್ಲ ಮನೆ ಕಟ್ಟಿಕೊಟ್ಟ ಮೇಸ್ತ್ರಿ, ಮಗನ ಮದುವೆಗೆಂದು ತಮ್ಮ ಮನೆಯ ಹಂಚು ತೆಗೆದು ಟೆರೇಸ್ ಹಾಕಿದರು. ಮೊದಲ ಮಳೆಗೇ ಬಚ್ಚಲಿನ ಕಡೆಯ ಗೋಡೆ ನೀರು ಕುಡಿಯಿತು.

"ಯಾರಿಗೂ ಹೇಳ್ಬೇಡ ಮಾರಾಯ್ತಿ, ಮೇಸ್ತ್ರಿಯ ಮನೆಯೇ ಸೋರ್ತದೆ ಅಂತ ನಗ್ತಾರೆ. ಮಳೆ ಬಿಡಲಿ, ಸರಿ ಮಾಡುವಾ," ಎಂದರು.

ಮಳೆ ಬಿಡುವ ಮೊದಲು ಅವರೇ ಹೋದರು.

ಮರುವರ್ಷ ನೀನು ಹುಟ್ಟಿದೆ. ನಿನ್ನ ಅಮ್ಮನಿಗೆ ತಾಯಿ ಇರಲಿಲ್ಲ, ಬಾಣಂತನ ನಾನೇ ಮಾಡಿದೆ. ಬಿಸಿನೀರು ಹತ್ತಿರವಿರಲಿ ಎಂದು ಅದೇ ಕೋಣೆ ಕೊಟ್ಟೆ. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದೆ. ಗೋಡೆಯಲ್ಲಿ ಆಗಲೇ ಬೂಷ್ಟು ಎದ್ದಿತ್ತು— ಮೊದಲು ಬೂದಿ ಬಣ್ಣದ ಚುಕ್ಕೆ, ಆಮೇಲೆ ಕಪ್ಪು. ಒರೆಸಿ ಸುಣ್ಣ ಬಳಿದಿದ್ದೆ. ಹದಿನೈದು ದಿನದಲ್ಲಿ ಸುಣ್ಣದ ಮೇಲೂ ಎದ್ದಿತು. ಅವಳು ಆಸ್ಪತ್ರೆಯಿಂದ ಬರುವ ಮೊದಲು ಅದರ ಮುಂದಕ್ಕೆ ಕಪಾಟು ದೂಡಿ ನಿಲ್ಲಿಸಿದೆ. ಕೆಟ್ಟ ಕೊಬ್ಬರಿಯಂಥ ವಾಸನೆ ಬಂದಾಗ ಲೋಬಾನದ ಹೊಗೆ ಹಾಕಿದೆ— ಕೂಸು ಮಲಗಿದ ಕೋಣೆಯಲ್ಲಿ, ಮುಚ್ಚಿದ ಕಿಟಕಿಯೊಳಗೆ, ಹೊಗೆ...

ಆಟಿ ತಿಂಗಳ ಮಳೆಗೆ ನಿನ್ನ ಎದೆ ಕುಂಯಿಗುಟ್ಟತೊಡಗಿತು. ಹಾಲು ಕುಡಿಯುತ್ತಾ ನಡುವೆ ಬಿಟ್ಟು ಉಸಿರೆಳೆಯುತ್ತಿದ್ದೆ. ಪುತ್ತೂರಿಗೆ ಕರೆದುಕೊಂಡು ಹೋದೆವು. ನೀನು ನನ್ನ ಮಡಿಲಲ್ಲಿದ್ದೆ.

"ಮಗು ಮಲಗುವ ಕಡೆ ಗೋಡೆ ಒದ್ದೆ ಉಂಟಾ? ಬೂಷ್ಟು ಎಂತಾದ್ರೂ?" ಎಂದು ಡಾಕ್ಟರು ಕೇಳಿದರು.

ನಿನ್ನ ಅಮ್ಮ ನನ್ನ ಮುಖ ನೋಡಿದಳು. ಕಪಾಟಿನ ಹಿಂದೆ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲಿಯೂ ಬಾಯಿ ಬಿಡದ ನಾನು ಅಂದು ಎಷ್ಟು ಬೇಗ ಮಾತಾಡಿದೆ!

"ಇಲ್ಲ ಡಾಕ್ಟ್ರೇ, ನಮ್ಮದು ಟೆರೇಸ್ ಮನೆ."

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮೆಲ್ಲಗೆ ಕೇಳಿದಳು, "ನಂದೇ ಎಂತಾದ್ರೂ ತಪ್ಪಾಯ್ತಾ ಅತ್ತೆ?"

"ಮಜ್ಜಿಗೆ ಬೇಡ ಅಂದಿದ್ದೆ ಅಲ್ವಾ? ಆ ಥಂಡಿಯೇ ಹಾಲಿನಲ್ಲಿ ಮಗುವಿಗೆ ಇಳಿದದ್ದು."

ಬೇಸಗೆಯ ಸೆಕೆ ತಡೆಯದೆ ಒಂದೇ ಒಂದು ದಿನ ಅರ್ಧ ಲೋಟ ಕುಡಿದಿದ್ದಳು, ಪಾಪ. ಥಂಡಿ ಇದ್ದದ್ದು ನನ್ನ ಗೋಡೆಯಲ್ಲಿ.

ಮುಂದೆ ನಿನ್ನ ಅಪ್ಪನಿಗೆ ಪುತ್ತೂರಿನಲ್ಲಿ ಕೆಲಸವಾಗಿ ನೀವು ಅಲ್ಲಿಗೆ ಹೋದಿರಿ. ನಿನ್ನ ಉಬ್ಬಸ ಕಡಿಮೆಯಾಯಿತು. "ಮಜ್ಜಿಗೆ ಬಿಟ್ಟದ್ದು ಒಳ್ಳೇದಾಯ್ತು ಅತ್ತೆ, ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದಳು ನಿನ್ನ ಅಮ್ಮ. ನಾನು ಅವಳ ಬಟ್ಟಲಿಗೆ ಇನ್ನಷ್ಟು ಅನ್ನ ಬಡಿಸಿದೆ. ಅಷ್ಟೇ ಮಾಡಿದೆ. ಇವತ್ತಿಗೂ ಮದುವೆಯೂಟದಲ್ಲಿ ಮಜ್ಜಿಗೆ ಬಂದರೆ ಅವಳು ಎಲೆಗೆ ಕೈ ಅಡ್ಡ ಹಿಡಿಯುತ್ತಾಳೆ. ಪಕ್ಕದಲ್ಲಿ ಕೂತ ನಾನು ಬಡಿಸಿಕೊಳ್ಳುತ್ತೇನೆ.

ಗೋಡೆಯೊಂದೇ ಕಾರಣ ಎಂದು ಹೇಳುವ ವಿದ್ಯೆ ನನಗಿಲ್ಲ. ಆದರೆ ಕೇಳಿದಾಗ ಹೇಳಲಿಲ್ಲ— ಅದು ನನಗೆ ಗೊತ್ತು. ರಜೆಗೆ ಬಂದು ಆ ಕೋಣೆಯಲ್ಲಿ ಮಲಗಿದರೆ ಮರುದಿನವೇ ನೀನು ಬ್ಯಾಗಿನಲ್ಲಿ ಉಬ್ಬಸದ ಪಂಪು ಹುಡುಕುವುದನ್ನು ಎಷ್ಟು ಸಲ ನೋಡಿಲ್ಲ! ಕಳೆದ ರಜೆಯಲ್ಲಿ ಅದನ್ನು ಬಾಯಿಗಿಟ್ಟು ಎಳೆದು, ಉಸಿರು ತಿರುಗಿದ ಮೇಲೆ ನೀನು ನಕ್ಕೆ: "ನಿಮ್ಮ ಮನೆಗೆ ನನ್ನನ್ನು ಕಂಡ್ರೆ ಆಗುದಿಲ್ಲ ಅಜ್ಜಿ."

ಆ ಮಾತು ನನ್ನನ್ನು ಬಿಟ್ಟಿಲ್ಲ ಮಗಾ.

ಅಜ್ಜನ ಹೆಸರು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಬದುಕಿದ್ದರೆ ನಿನ್ನ ಎದೆಯ ಸದ್ದು ಕೇಳಿದ ದಿನವೇ ಸುತ್ತಿಗೆ ಹಿಡಿಯುತ್ತಿದ್ದರು. ನಾನು ಉಳಿಸಿದ್ದು ಅವರ ಹೆಸರನ್ನಲ್ಲ, ಬರೀ ಗೋಡೆಯನ್ನು.

ಮೊನ್ನೆ ಕೆಲಸದವರನ್ನು ಕರೆಸಿ ಕಪಾಟು ಸರಿಸಿದೆ. ಗೋಡೆ ಮೇಲಿನಿಂದ ಕೆಳಗೆ ಕಪ್ಪಾಗಿತ್ತು. "ಯಾರಜ್ಜಿ ಇದನ್ನು ಕಟ್ಟಿದ್ದು?" ಎಂದು ಕೇಳಿದರು. "ನಮ್ಮವರು. ಕಟ್ಟಿದಂದಿನಿಂದ ಸೋರ್ತದೆ," ಎಂದೆ. ಯಾರೂ ನಗಲಿಲ್ಲ. ಈಗ ಗಾರೆ ಕಿತ್ತಿದ್ದಾರೆ, ಟೆರೇಸಿನ ಮಳೆನೀರು ಇಳಿಯುವ ಒಳಗಿನ ಪೈಪು ಬದಲಾಯಿಸುತ್ತಿದ್ದಾರೆ. ಕೆಲಸ ಮುಗಿದು ಗೋಡೆ ಪೂರ್ತಿ ಒಣಗುವವರೆಗೆ ನೀನು ಇಲ್ಲಿ ಮಲಗುವುದು ಬೇಡ. ನಾನೇ ಪುತ್ತೂರಿಗೆ ಬರುತ್ತೇನೆ.

ಈ ಕಾಗದವನ್ನು ನಿನಗೆ ಕೊಡುವ ಮೊದಲು ನಿನ್ನ ಅಮ್ಮನ ಕೈಗೆ ಕೊಡುತ್ತೇನೆ. ಅವಳು ಓದಿ ಮುಗಿಸುವವರೆಗೆ, ಕೆಲಸದ ನೆಪ ಮಾಡಿ ಅಡುಗೆಮನೆಗೆ ಹೋಗದೆ, ಅವಳ ಎದುರಿಗೇ ನಿಂತಿರುತ್ತೇನೆ.