ಬದು ಸರಿಸುವ ಮುನ್ನ

ಹುಮನಾಬಾದಿನ ಕಾಲೇಜಿನಲ್ಲಿ ನಮಗೆ ಲಿನಕ್ಸ್ ಕಲಿಸಿದ ಮೇಡಂ ಮುಡಬಿ ಕಡೆಯ ಒಕ್ಕಲು ಮನೆಯವರು. ಹಾರ್ಡ್ ಡಿಸ್ಕನ್ನು ಹೊಲ, ಅದರ ಭಾಗಗಳಾದ ಪಾರ್ಟಿಷನ್ನುಗಳ ನಡುವಿನ ಗೆರೆಯನ್ನು ಬದು ಎನ್ನುತ್ತಿದ್ದರು. ಒಂದನ್ನು ಕುಗ್ಗಿಸಿ ಇನ್ನೊಂದನ್ನು ಹಿಗ್ಗಿಸುವ ಪಾಠ ಬಂದಾಗಲೆಲ್ಲ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ರಾಶಿ ಮನಿಗೆ ಬರೋತನಕ ಬದು ಸರಸಬ್ಯಾಡ್ರಿ" ಎನ್ನುವರು. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ ಎಂದು ಅದರರ್ಥ.

ನಕಲು ಮಾಡಿದರಷ್ಟೇ ಸಾಲದು, ಅದನ್ನು ತೆರೆದು ತೋರಿಸಬೇಕಿತ್ತು. ಘಾಟಬೋರಾಳದ ಕುರಿಗಾರ ಅಜ್ಜಿಯೊಬ್ಬರ ಹಾಡುಗಳನ್ನು ನಾವು ರೆಕಾರ್ಡ್ ಮಾಡಿದ್ದೆವು. ಆಮೇಲೆ ಅಜ್ಜಿ ತೀರಿಕೊಂಡರು. ಹಾಡುಗಳ ಪಾರ್ಟಿಷನ್ ದೊಡ್ಡದು ಮಾಡುವ ದಿನ ಮೇಡಂ ನಕಲನ್ನು ಕೊನೆಯ ಹಾಡಿನವರೆಗೂ ಕೇಳಿಸಿದರು. ನಾವು ಮೊಬೈಲಿನಲ್ಲಿ ಟೈಮ್ ನೋಡುತ್ತಿದ್ದೆವು. ಅವರು ಕೂತಲ್ಲೇ ತಾಳ ಹಾಕುತ್ತಿದ್ದರು.

ಕೆಲಸದ ನಡುವೆ ಕರೆಂಟು ಹೋಯಿತು. ಮರಳಿ ಬಂದಾಗ ಆ ಪಾರ್ಟಿಷನ್ ತೆರೆಯಲೇ ಇಲ್ಲ. ನಾನು ಗಾಬರಿಯಿಂದ ಮತ್ತೆ ಮತ್ತೆ ತೆರೆಯಲು ನೋಡಿದೆ.

"ಯಾಕ ಅಂಜಾಕತ್ತೀರಿ? ರಾಶಿ ಮನ್ಯಾಗ ಅದ," ಎಂದ ಮೇಡಂ ಹೊಸದಾಗಿ ಬದು ಹಾಕಿ, ನಕಲಿನಿಂದ ಹಾಡುಗಳನ್ನೆಲ್ಲ ವಾಪಸ್ ತುಂಬಿದರು.

ಈಗ ಬಸವಕಲ್ಯಾಣದಲ್ಲಿ ನನ್ನದೇ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಮೊನ್ನೆ ಫೋಟೋಗ್ರಾಫರೊಬ್ಬರು ಪಾರ್ಟಿಷನ್ ಹಿಗ್ಗಿಸಿಕೊಳ್ಳಲು ಬಂದರು. ಡಿಸ್ಕ್ ಮುಟ್ಟುವ ಮೊದಲು, ನಕಲು ಮಾಡಿದ ಫೋಟೋಗಳನ್ನು ಒಂದೊಂದಾಗಿ ತೆರೆದು ತೋರಿಸುತ್ತ ಕೂತೆ. ಅವರು ಸ್ವಲ್ಪ ಹೊತ್ತು ನೋಡಿ ನಕ್ಕರು.

"ಹುಮನಾಬಾದ ಮೇಡಂ ಹತ್ರ ಕಲ್ತೀರೇನ್ರಿ?"

"ಹೌದ್ರಿ," ಎಂದೆ.

ಅಂಗಡಿಯ ಬೋರ್ಡಿನ ಮೇಲೆ ಬರೆಸಿದ ಡಿಗ್ರಿಯ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ.