ಹಲ್ಲಿನೊಳಗಿನ ಇನ್ನೊಬ್ಬ

ಅಂದು ನಡೆದದ್ದು ಹೀಗೇ ಎಂದು ಈಗ ಖಚಿತವಾಗಿ ಹೇಳಲಾರೆ. ಹಿಂದೂಪುರದ ಒಬ್ಬ ದಂತವೈದ್ಯರು ಕಿತ್ತ ಹಲ್ಲುಗಳನ್ನೂ ಎಕ್ಸ್‌ರೇ ತೆಗೆದು, ಬೇರಿನೊಳಗೆ ನರ ಹಾಯುವ ನಾಳಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಮರೆಯಲ್ಲಿದ್ದ ನಾಳವೊಂದು ಕಂಡರೆ, ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದು "ಇನ್ನೊಬ್ಬ ಅವ್ನೆ" ಎಂದು ಮೆಲ್ಲಗೆ ಹೇಳುವರು.

ಕಲ್ಯಾಣದುರ್ಗದ ನನ್ನ ಚಿಕ್ಕಮ್ಮನ ಹಲ್ಲು ಉಳಿಸಲೆಂದು ಅವರು ನರ ತೆಗೆದು ನಾಳ ತುಂಬಿದರೂ ನೋವು ನಿಲ್ಲಲಿಲ್ಲ. ಓರೆಯಾಗಿ ಇನ್ನೊಂದು ಎಕ್ಸ್‌ರೇ ತೆಗೆದು, "ಒಳ್ಗೆ ಇನ್ನೊಬ್ಬ ಅವ್ನೆ ಕಣಮ್ಮ, ಸತ್ತಿಲ್ಲ" ಎಂದರು.

ಚಿಕ್ಕಮ್ಮ ಕುರ್ಚಿಯಿಂದ ಎದ್ದಳು. "ಅಮ್ಮೋ! ನನ್ ಕಿವೀಲಿ ಪಿಸುಗುಡೋನು ಇವ್ನೇನಾ?"

"ದಯ್ಯ ಅಲ್ಲ ಕಣಮ್ಮ, ನರ!"

ಆಕೆ ನಿಲ್ಲಲಿಲ್ಲ, ಊರಿಗೆ ಹೋಗಿ ಹಲ್ಲನ್ನೇ ಕೀಳಿಸಿಕೊಂಡಳು. ಪಿಸುಮಾತಿನ ವಿಷಯ ಆಕೆ ಹೇಳಿದಳೋ, ನಾನೇ ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಆ ಹಲ್ಲನ್ನು ಮಾತ್ರ ಸೀಳಿಸಿ ನೋಡಿದ್ದೇನೆ: ನಾಳಗಳು ಎರಡಿದ್ದವು, ತುಂಬಿದ್ದು ಒಂದೇ.