ಹಾರ್ಪ್ ಊಳಿಡದಂತೆ ಕಾಯುವ ಸೌಂಡಕ್ಕ

ಸಭಾಂಗಣಕ್ಕೆ ಇನ್ನೂ ಬೆಳಕು ಬಂದಿಲ್ಲ. ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಹೆಂಗಸೊಬ್ಬರು ಮೇಣದಂಥ ಅಂಟನ್ನು ಬೆರಳುಗಳಲ್ಲಿ ನಾದುತ್ತಿದ್ದಾರೆ. ಮೆತ್ತಗಾದ ಅಂಟಿನಿಂದ ಬಟಾಣಿಯಷ್ಟು ಗಾತ್ರದ ಮೂರು ಉಂಡೆ ಮಾಡಿ ಮೊಣಕಾಲ ಮೇಲೆ ಸಾಲಾಗಿ ಇಡುತ್ತಾರೆ. ಪಕ್ಕದಲ್ಲಿ ಆಳೆತ್ತರದ ಹಾರ್ಪ್, ನಲವತ್ತೇಳು ತಂತಿ.

ಎಲ್ಲರಿಗೂ ಅವರು ಸೌಂಡಕ್ಕ. ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪನ ಬಳಿ ಬೆಸುಗೆ ಕಲಿತವರು. ಇಪ್ಪತ್ತಾರು ವರ್ಷದಿಂದ ಮೈಕು, ವೈರುಗಳೇ ಬದುಕು. ಹಾರ್ಪಿನ ದನಿ ಮೆದು. ಅದು ಹಿಂದಿನ ಸಾಲಿಗೆ ಮುಟ್ಟಬೇಕಾದರೆ ಮರದ ಹೊಟ್ಟೆಯೊಳಗೆ, ಹಲಗೆಯ ನಡುಕ ಹಿಡಿದು ಸ್ಪೀಕರಿಗೆ ಕಳಿಸುವ, ನಾಣ್ಯದಗಲದ ಮೂರು ಪಿಕಪ್ ಅಂಟಿಸಬೇಕು. ಎಲ್ಲಿ ಅಂಟಿಸುವುದು? ಕಲ್ಲಂಗಡಿ ಕೊಳ್ಳುವವರ ಹಾಗೆ ಹಲಗೆಯನ್ನು ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಹುಡುಕುತ್ತಾರೆ.

ಹೋದ ತಿಂಗಳು ಅವಸರದಲ್ಲಿ ತಟ್ಟಿ ನೋಡದೆ, ಹಲಗೆ ಅತಿ ಹೆಚ್ಚು ನಡುಗುವ ಕಡೆಯೇ ಅಂಟಿಸಿಬಿಟ್ಟರು. ಎರಡನೇ ಹಾಡಿಗೆ ಸ್ಪೀಕರಿನ ದನಿಗೇ ಹಲಗೆ ನಡುಗಿ, ಆ ನಡುಕ ಮತ್ತೆ ಸ್ಪೀಕರಿಗೆ ಹೋಗಿ, ಅದು ಊಳಿಟ್ಟಿತು. ವಾದಕಿ ಕೈ ತೆಗೆದು ಎದ್ದು ಹೋದರು.

"ತಪ್ಪು ನಂದೇ. ವೈರಿನ ಮೇಲೆ ಹಾಕ್ಬೋದಿತ್ತು, ಬಾಯಿ ಬರ್ಲಿಲ್ಲ," ಎನ್ನುತ್ತಾರೆ ಸೌಂಡಕ್ಕ. "ಕುಕ್ಕರ್ ಕೂಗಿದ್ರೂ ಬೆಚ್ಚಿಬೀಳ್ತಾಳೆ ನನ್ ಸೊಸೆ ಅಂತ ನಮ್ಮತ್ತೆಗೆ ಈಗ ನಗು."

ಇವತ್ತು ಹತ್ತಕ್ಕೆ ಅದೇ ವಾದಕಿ, ಅದೇ ಸಭಾಂಗಣ. ಮ್ಯಾನೇಜರ್ ಬಾಗಿಲಲ್ಲೇ ಹೇಳಿದ್ದಾರೆ: "ನೋಡಮ್ಮ, ಇವತ್ತೂ ಕೂಗಿದ್ರೆ ನಾಳೆಯಿಂದ ಬರೋದ್ ಬೇಡ."

ಎಂಟೂವರೆಗೆ ವಾದಕಿ ಬರುತ್ತಾರೆ. "ಏನ್ ಸೌಂಡಕ್ಕ, ಇವತ್ತು ನಾನು ನುಡಿಸ್ಲೋ, ನಿಮ್ ಸ್ಪೀಕರ್ ನುಡಿಸುತ್ತೋ?"

"ನೀವೇ ನುಡಿಸಿ ತಾಯಿ. ಅದರ ಬಾಯಿ ಹೊಲಿದಿದೀನಿ."

ವಾದಕಿ ನಗುವುದಿಲ್ಲ. ದಪ್ಪ ತಂತಿಯೊಂದನ್ನು ಮೀಟುತ್ತಾರೆ. ಖಾಲಿ ಕುರ್ಚಿಗಳ ಕೊನೆಯ ಸಾಲಿನಲ್ಲಿ ನಿಂತ ಸೌಂಡಕ್ಕನಿಗೆ ದನಿ ತಿಳಿಯಾಗಿ ಕೇಳುತ್ತದೆ.

ಆಸೆ ಏನೆಂದು ಕೇಳಿದರೆ ಹೇಳುವುದು ಇಷ್ಟು: "ಸ್ಪೀಕರ್ ಇದೆ ಅಂತ ಯಾರಿಗೂ ಗೊತ್ತಾಗ್ಬಾರ್ದು."

ಹತ್ತು ಗಂಟೆ. ಸಭಾಂಗಣ ತುಂಬಿದೆ. ಸೆಕೆಯೆಂದು ಯಾರೋ ಗೋಡೆಯ ಫ್ಯಾನ್ ಹಾಕಿದ್ದಾರೆ. ಗಾಳಿ ನೇರ ಹಾರ್ಪಿನ ಮೇಲೆ. ಯಾರೂ ಮುಟ್ಟದ ದಪ್ಪ ತಂತಿಗಳು ಸಣ್ಣಗೆ ಗುಂಯ್ ಎನ್ನತೊಡಗುತ್ತವೆ. ಹಿಂದೆ ಕುಳಿತ ಸೌಂಡಕ್ಕನ ಮುಂದೆ, ದನಿ ಅಳೆಯುವ ಮೀಟರಿನ ಹಸಿರು ದೀಪಗಳು ಒಂದೊಂದಾಗಿ ಮೇಲೇರುತ್ತವೆ; ಕೆಂಪು ಮುಟ್ಟಿದರೆ ಮತ್ತೆ ಊಳು. ವಾದಕಿ ಕೈ ಎತ್ತಿಯಾಗಿದೆ. ದನಿಯ ಗುಂಡಿಯಿಂದ ಬೆರಳು ತೆಗೆಯುವಂತಿಲ್ಲ. ಸೌಂಡಕ್ಕ ಗೋಡೆ ಪಕ್ಕದ ಸಾಲಿನವರತ್ತ ಬಾಗುತ್ತಾರೆ.

"ಸ್ವಲ್ಪ ಆ ಫ್ಯಾನ್ ಆರಿಸ್ತೀರಾ?"

ಯಾರೂ ತಿರುಗುವುದಿಲ್ಲ; ಎಲ್ಲರ ಕಣ್ಣೂ ವೇದಿಕೆಯ ಮೇಲೆ.